ಬಲಗಡೆಯ ಏಣಿ

ಹೋಲಿಯೋಕ್ ಊರಲ್ಲಿ, ವೊಯ್ಚಿಕ್ಕನ ಲಾಂಡ್ರಿಯ
ಕೊನೆಯ ಡ್ರೈಯರಿನ ಪಕ್ಕ ನಿಂತಿತ್ತದು, ಬೀರುವಿನೆತ್ತರ.
ಕ್ವಾರ್ಟರು ನುಂಗಿದ್ದೇ ತಡ
ಕತ್ತಲಲ್ಲಿ ಒಂದು ಗೋಪುರ ಏಳುವುದು: ನಾಲ್ಕು ಅಂತಸ್ತು,
ತುದಿಯಲ್ಲಿ ಗಂಟೆ, ಗಂಟೆಯ ಕೆಳಗೆ ಒಂದು ಟಗರು,
ಚೀಸಿನ ಗಾಲಿಗಳನ್ನು ಒಂದೊಂದೇ ಒದ್ದು ಉರುಳಿಸುತ್ತ;
ಬುಡದಲ್ಲಿ ಗಂಟೆ ಹೊಡೆಯುವ ಮುದುಕ.
ಓಡು, ಹಾರು, ಏಣಿ ಹತ್ತು. ಅಷ್ಟೇ ಕತೆ.

ಕಂಪನಿ ಕೊಟ್ಟದ್ದು ನಾಣ್ಯದ ಎರಡು ಸುರುಳಿ, ಆರು ತಿಂಗಳು,
ನಾಲ್ಕು ಸಾವಿರದ ತೊಂಬತ್ತಾರು ಬೈಟು.
ಮೂಲದ ಪ್ರೋಗ್ರಾಮಿನ ಒಂದು ಸಾಲೂ ಇಲ್ಲ.
'ನೋಡಿಕೊಂಡು ಬರಿ, ಡೊರೀನ್,' ಅಂದ ಹಾಲ್ವರ್ಸನ್,
'ಕ್ರಿಸ್‌ಮಸ್ಸಿಗೆ ಪ್ರತಿ ಮನೆಯ ಟೀವಿಯಲ್ಲೂ ಇರಬೇಕು.'

ಫೆಬ್ರವರಿ. ಹೊರಗೆ ಮೊಣಕಾಲುದ್ದ ಹಿಮ.
ಅಕ್ಕನ ಮಗ ರೆಮಿ ಆಡಿದ, ನಾನು ಬರೆದೆ,
ಬಿಸಿ ಡ್ರೈಯರಿನ ನೆತ್ತಿಯ ಮೇಲೆ ಗ್ರಾಫ್ ಹಾಳೆ ಹರಡಿ.
ಗಾಲಿ ತಿರುಗುವುದಕ್ಕೆ ಎಷ್ಟು ಚುಕ್ಕಿ, ಮುದುಕ ಹಾರಿದರೆ ಎಷ್ಟು ಗೇಣು.
'ಸತ್ತೆ' ಅಂದ ರೆಮಿ. 'ಇನ್ನೊಂದು ಸಲ ಸಾಯಿ' ಅಂದೆ,
'ಬಿದ್ದದ್ದು ಕಾಣಲಿಲ್ಲ.'

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆಯೇ ಇಲ್ಲ, ದಿಂಬಿನ ಚೀಲ.
ಆ ಮನೆಯಾಟದ ಡಬ್ಬಿಗೆ ಚಿತ್ರ ನೆನಪಿಡಲು ಬಾರದು;
ಟೀವಿಯ ಕಿರಣ ಎಡದಿಂದ ಬಲಕ್ಕೆ ಓಡುವಾಗ
ಅದರ ಕಾಲ ಮುಂದೆಯೇ ನೆಲ ಹಾಸುತ್ತ ಹೋಗಬೇಕು.
ಒಂದು ಗೆರೆಗೆ ಎಪ್ಪತ್ತಾರು ಮಿಡಿತ. ಎಪ್ಪತ್ತೇಳನೆಯದಕ್ಕೆ
ಗೋಪುರ ನಡುಗುತ್ತದೆ.

ಮೊದಲು ಓರೆ ಮಹಡಿಗಳು ಹೋದವು, ನೆಟ್ಟಗೆ ಮಲಗಿದವು.
ಟಗರಿನ ಕೊಂಬು ಹೋಯಿತು; ಹಾಲ್ವರ್ಸನ್ ನಾಯಿಯೇ ಅಂದ.
ಚೀಸು ಬಿಸ್ಕತ್ತಾಯಿತು.
ನಾಲ್ಕು ಅಂತಸ್ತಿನಲ್ಲಿ ಎರಡು ಉಳಿದವು,
ಪಾರಿವಾಳಗಳಿದ್ದ ಮೂರನೆಯದನ್ನು ಅಳಿಸಿದ ರಾತ್ರಿ
ಊಟ ಸೇರಲಿಲ್ಲ, ಯಾಕೋ.

ಆಮೇಲೆ ಏಣಿ.
ಆ ಯಂತ್ರದ ಗುಣ ಅದು: ಎಡಕ್ಕೆ ಬರೆದದ್ದು
ಬಲಕ್ಕೂ ತಾನೇ ಮೂಡುತ್ತದೆ, ಕನ್ನಡಿಯಲ್ಲಿಯಂತೆ.
ಎಡಗಡೆಯ ಏಣಿ ಗಂಟೆಗೆ ಹೋಗುತ್ತದೆ.
ಬಲಗಡೆಯದು ಎಲ್ಲಿಗೂ ಹೋಗುವುದಿಲ್ಲ,
ಅರ್ಧ ಆಕಾಶದಲ್ಲಿ ನಿಂತುಬಿಡುತ್ತದೆ.
ಅಳಿಸಲು ಹನ್ನೊಂದು ಬೈಟು ಬೇಕು. ನನ್ನ ಬಳಿ ಏಳು.
ಮೂರು ವಾರ ಹುಡುಕಿದೆ ಆ ನಾಲ್ಕನ್ನು,
ಕೋಟಿನ ಜೇಬಲ್ಲಿ ಬೀಗದಕೈ ತಡಕುವವಳಂತೆ.
ಗಂಟೆಯ ಸದ್ದನ್ನು ಕೊಟ್ಟರೆ ಸಿಗುತ್ತಿತ್ತು. ಕೊಡಲಿಲ್ಲ.
ಆಗಸ್ಟ್ ಬಂತು. ಏಣಿ ಉಳಿಯಿತು.

ಪತ್ರಿಕೆಯವರು ನಕ್ಕರು. ರೆಮಿ ಪೆಟ್ಟಿಗೆ ತೆರೆದು
ಹತ್ತು ನಿಮಿಷ ಆಡಿ, ನನ್ನ ಮುಖ ನೋಡದೆ
'ಚೆನ್ನಾಗಿದೆ ಚಿಕ್ಕಮ್ಮ' ಅಂದ. ಮತ್ತೆ ಲಾಂಡ್ರಿಗೆ ಹೋದ.

ಮಾರ್ಚಿನಲ್ಲಿ ಒಂದು ಕಾಗದ ಬಂತು, ನೆಬ್ರಾಸ್ಕದಿಂದ,
ಪೆನ್ಸಿಲಿನಲ್ಲಿ ಬರೆದದ್ದು. ವರ್ನಾ ಸ್ಕಾಗ್ಸ್, ವಯಸ್ಸು ಹತ್ತು.
'ಬಲಗಡೆಯ ಏಣಿಯ ತುದಿಯಲ್ಲಿ ನಿಂತರೆ
ನಾಯಿಗೆ ಮುದುಕ ಕಾಣುವುದಿಲ್ಲ. ಬಿಸ್ಕತ್ತು ಅಲ್ಲಿಗೆ ಬರುವುದಿಲ್ಲ.
ಅಮ್ಮ ಊಟಕ್ಕೆ ಕರೆದಾಗ, ಅಪ್ಪ ಟ್ರಕ್ ನಿಲ್ಲಿಸಿದ ಸದ್ದಾದಾಗ,
ನಾನವನನ್ನು ಅಲ್ಲಿ ಹತ್ತಿಸಿ ಹೋಗುತ್ತೇನೆ.
ಬಂದು ನೋಡಿದರೆ ಇರುತ್ತಾನೆ.
ಒಮ್ಮೆ ಇಡೀ ರಾತ್ರಿ ಇದ್ದ.
ಅವನಿಗೊಂದು ಜಾಗ ಮಾಡಿದ್ದಕ್ಕೆ ಥ್ಯಾಂಕ್ಸ್.'

ಉತ್ತರ ಬರೆಯಲು ಕೂತೆ.
ಕನ್ನಡಿಯ ಗುಣ, ಹನ್ನೊಂದು, ಏಳು, ಎಲ್ಲ ಬರೆದು
ಹರಿದೆ.
ಕೊನೆಗೆ ಕಳಿಸಿದ್ದು ಇಷ್ಟು:
ಅದು ನಾಯಿಯಲ್ಲ ವರ್ನಾ, ಟಗರು.
ಏಣಿಯ ಬಗ್ಗೆ ನೀನು ಹೇಳಿದ್ದು ಸರಿ.